ಕಿಹಾಚಿ ಗಂಟು ಹಾಕಿ ತೋರಿಸಿದ್ದು

(ಟೋಕಿಯೋ, ಮೇಜಿ ದೊರೆಯ ಏಳನೆಯ ವರ್ಷ)

ಹೌದು ಸ್ವಾಮಿ, ಬರಿಮೈಯಲ್ಲಿದ್ದೆ.
ಈ ಸೆಕೆಗೆ ಸುಮಿದಾ ಹೊಳೆಯೇ ಬೆವರುತ್ತದೆ.
ಸೇತುವೆ ಕಟ್ಟೆಯ ಮೇಲೆ ಅಂಗಿ ಕಳಚಿಟ್ಟು
ಹಾವುಮೀನು ಸೀಳುವವನ ಜೊತೆ ಹರಟುತ್ತಿದ್ದೆ.
ಅರವತ್ತೆಂಟು ಬೇಸಿಗೆ ಹೀಗೇ ಕೂತಿದ್ದೇನೆ,
ಈಚೆಗೆ ಅದು ಅಪರಾಧವಾಯಿತು.

ಹತ್ತು ಸೆನ್ ದಂಡ, ಇಲ್ಲವೇ ಒಂದು ದಿನ ಒಳಗೆ, ಅಂದಿರಿ.
ಹತ್ತು ಸೆನ್ ಇದ್ದಿದ್ದರೆ
ಮೀನನ್ನು ನೋಡುತ್ತ ಕೂರುತ್ತಿದ್ದೆನೇ?

ಬರೆದುಕೊಳ್ಳಿ. ಹೆಸರು ಕಿಹಾಚಿ.
ಮನೆತನದ ಹೆಸರು ಬಡವರೂ ಇಟ್ಟುಕೊಳ್ಳಬಹುದಂತೆ ಈಗ,
ನನಗಿನ್ನೂ ಒಂದೂ ಹೊಳೆದಿಲ್ಲ.
ಕಸುಬು?
ಅದನ್ನು ಹೇಗೆ ಬರೆಯುತ್ತೀರೋ ನೋಡೋಣ.

ಈ ಮೊಣಕೈ ಕೆಳಗೆ ಎರಡು ಕಪ್ಪು ಬಳೆ.
ಇಪ್ಪತ್ತೊಂದರಲ್ಲಿ ಅಕ್ಕಿ ಗೋದಾಮಿನ ಬೀಗ ಮುರಿದೆ,
ಕೊದೆನ್ಮಾ ಬೀದಿಯ ಸೆರೆಮನೆಯಲ್ಲಿ ಸೂಜಿ ಚುಚ್ಚಿ ಮಸಿ ತುಂಬಿದರು.
ಬಳೆ ತೊಟ್ಟ ಗಂಡಸಿಗೆ ಕೆಲಸ ಕೊಡುವವರು ಯಾರು?
ಕೊಟ್ಟ, ನನ್ನ ಹಿಡಿದ ಅಧಿಕಾರಿಯೇ ಕೊಟ್ಟ.
ಕಳ್ಳನ ಹೆಜ್ಜೆ ಕಳ್ಳನೇ ಬಲ್ಲ, ಬಾ ಅಂದ.
ಕೈಗೆ ಕೊಕ್ಕೆಯಿದ್ದ ಕಬ್ಬಿಣದ ಕೋಲು, ಸೊಂಟಕ್ಕೆ ಹಗ್ಗ.
ಸಂಬಳ ಅಂತ ಇಲ್ಲ. ಹಬ್ಬಕ್ಕೊಮ್ಮೆ ಅವನ ಕಿಸೆಯಿಂದ ಚಿಲ್ಲರೆ,
ಉಳಿದದ್ದನ್ನು ಊರೇ ಕೊಡುತ್ತಿತ್ತು
ಹೆದರಿ.
ಸುಳ್ಳೇಕೆ, ತೆಗೆದುಕೊಂಡೆ.
ದೀಪದೆಣ್ಣೆ ಮಾರುವ ಯಸೊಜಿಯಿಂದ ತೆಗೆದುಕೊಂಡದ್ದು
ಇನ್ನೂ ಗಂಟಲಿನಿಂದ ಇಳಿದಿಲ್ಲ.

ನೀವು ಸತ್ಸುಮಾ ಕಡೆಯವರು, ಮಾತಲ್ಲೇ ಗೊತ್ತಾಗುತ್ತದೆ.
ಮೊನ್ನೆ ಮೊನ್ನೆವರೆಗೆ ಸೊಂಟದಲ್ಲಿ ಎರಡು ಕತ್ತಿ,
ಈಗ ಮೂರಡಿಯ ಕೋಲು, ಹಿತ್ತಾಳೆ ಗುಂಡಿ.
ಆಗಿನಿಂದ ನೋಡುತ್ತಿದ್ದೇನೆ,
ಎಡಗೈ ಇನ್ನೂ ಹಿಡಿಯನ್ನು ತಡಕುತ್ತಿದೆ.

ನಮ್ಮ ಕಾಲದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗಂಟು.
ಸಮುರಾಯಿಗೆ ಬೇರೆ, ಭಿಕ್ಷುವಿಗೆ ಬೇರೆ,
ಹೆಂಗಸಿಗೆ ಎದೆ ತಪ್ಪಿಸಿ,
ತಿರುಪೆಯವನಿಗೆ ಹೇಗಾದರೂ ಸರಿ.
ಎಳೆದೊಯ್ಯುವಾಗ ಮುಖ ನೋಡಬೇಕಿರಲಿಲ್ಲ,
ಬೆನ್ನು ಕಂಡರೆ ಕುಲ ತಿಳಿಯುತ್ತಿತ್ತು.
ನಿಮಗೆ ಒಂದೇ ಕಲಿಸಿದ್ದಾರೆ, ಎಲ್ಲರಿಗೂ ಒಂದೇ.
ಒಳ್ಳೆಯದೇ. ನಿದ್ದೆ ಬಾರದ ರಾತ್ರಿ ಯೋಚಿಸಿದ್ದೇನೆ,
ಒಳ್ಳೆಯದೇ.
ಆದರೆ ಸ್ವಾಮಿ, ಅದು ಬಿಚ್ಚಿಹೋಗುತ್ತಿದೆ.

ಕೊಡಿ ಇಲ್ಲಿ. ನಿಮ್ಮ ಕೈಯನ್ನೂ.
ಹೀಗೆ ಒಂದು ಸುತ್ತು, ಇದರಡಿ ತೂರಿಸಿ, ಎಳೆಯಿರಿ,
ಕೋಪದಿಂದ ಅಲ್ಲ, ಹಗ್ಗಕ್ಕೆ ಕೋಪ ಗೊತ್ತಾಗುತ್ತದೆ.
ಒಂದು ಬೆರಳಿನಷ್ಟು ಜಾಗ ಬಿಡಿ, ರಕ್ತ ಓಡಾಡಲಿ.
ಬಿಡದೆ ಬಿಗಿದಿದ್ದೆ ಒಮ್ಮೆ.
ಬೆಳಗಾಗುವಷ್ಟರಲ್ಲಿ ಆ ಹುಡುಗನ ಬೆರಳು ನೇರಳೆಹಣ್ಣು.
ತೊಡೆಯ ಮೇಲೆ ಕಲ್ಲು ಹೇರಿದರು, ಎರಡನೆಯದಕ್ಕೆ ಒಪ್ಪಿಕೊಂಡ,
ಮೂರನೆಯದಕ್ಕೆ ಯಾರೂ ಕೇಳದ್ದನ್ನೂ ಒಪ್ಪಿಕೊಂಡ.
ಒಪ್ಪಿಗೆಯಿಲ್ಲದೆ ಶಿಕ್ಷೆಯಿಲ್ಲ, ಅಷ್ಟು ನ್ಯಾಯವಂತರು ನಾವು.
ಕದ್ದವನು ಬೇರೆ ಯಾರೋ, ಚಳಿಗಾಲದಲ್ಲಿ ಸಿಕ್ಕಿದ.
ಹುಡುಗ ಯಾರ ಮಗ ಅಂತ ಕೇಳಬೇಡಿ.
ಆಮೇಲೆ ಆ ಬೀದಿಯಲ್ಲಿ ನಾನು ಎಣ್ಣೆ ಕೊಳ್ಳಲಿಲ್ಲ,
ಕತ್ತಲಲ್ಲೇ ಉಂಡೆ.

ಅಯ್ಯೋ, ಬಾಗಿಲಲ್ಲಿ ಜನ ನಿಂತು ನಗುತ್ತಿದ್ದಾರೆ.
ಪೊಲೀಸನ ಕೈ ಕಟ್ಟಿದೆ, ತುದಿ ಹಿಡಿದವನು ಹಚ್ಚೆಯ ಮುದುಕ.
ತಾಳಿ, ಬಿಚ್ಚುತ್ತೇನೆ.
ಇದನ್ನು ಎಳೆದರೆ ಸಾಕು, ಒಳ್ಳೆಯ ಗಂಟಿನ ಗುಣ ಇದೇ,
ಹಾಕಿದವನಿಗೆ ಬಿಚ್ಚಲು ಬರಬೇಕು.

ಈಗ ನನ್ನ ಕೈ. ಹಾಂ. ಒಂದು ಬೆರಳು. ಸರಿಯಾಗಿದೆ.

ಕಸುಬಿನ ಮುಂದೆ ಏನು ಬರೆದಿರಿ? ನನಗೆ ಓದು ಬಾರದು.
ಒಂದೇ ಅಕ್ಷರ ಕಾಣುತ್ತದೆ. ಇರಲಿ ಬಿಡಿ.

ಇನ್ನೊಂದು ಮಾತು, ಅರಿಮುರಾ ಅವರೇ.
ಬೀದಿಯುದ್ದಕ್ಕೂ ಹೀಗೇ ಕರೆದೊಯ್ದರೆ
ನಿಮ್ಮ ಕಾನೂನು ಮತ್ತೆ ಮುರಿದಂತಲ್ಲವೇ?
ಅಂಗಿ ಅಲ್ಲಿದೆ, ಕೊಡೆಯ ಪಕ್ಕ.
ಹೆಗಲ ಮೇಲೆ ಹಾಕಿಬಿಡಿ,
ನನ್ನ ಕೈ ಕಟ್ಟಿದೆ.